ಕಾಲಿದ್ದಷ್ಟು ಹಾಸಿಗೆ
ಕಂಪ್ಯೂಟರ್ ಪರದೆಯ ಮೇಲೆ ಅಕ್ಷರಕ್ಕೆ ಜಾಗ ದೊರೆತ ಚರಿತ್ರೆ

"ಹಾಸಿಗೆ ಇದ್ದಷ್ಟು ಕಾಲು ಚಾಚು" ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಮುಂಬಯಿಯಂಥ ನಗರಕ್ಕೆ ಬಂದು ಒಂದು ಖೋಲಿಯಲ್ಲಿ ಸಂಸಾರ ಹೂಡಿದ ನಮ್ಮವರಿಗಂತೂ ಅದು ದಿನನಿತ್ಯದ ಅನುಭವ. ಊರಿನಿಂದ ನಾಲ್ಕು ಜನ ನೆಂಟರು ಬಂದರೆ ಮೇಜು ಮಡಚಿ, ಕುರ್ಚಿಯನ್ನು ಹೊರಗಿಟ್ಟು, ಇದ್ದಷ್ಟೇ ನೆಲದಲ್ಲಿ ಎಲ್ಲರೂ ಮಲಗುವಂತೆ ಮಾಡುವ ವಿದ್ಯೆಯನ್ನು ನಮ್ಮ ಮನೆಯ ಹೆಂಗಸರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಇದೇ ವಿದ್ಯೆಯನ್ನು ಕಂಪ್ಯೂಟರಿಗೆ ಹೇಳಿಕೊಡಲು ದೊಡ್ಡ ದೊಡ್ಡ ವಿದ್ವಾಂಸರಿಗೆ ಸುಮಾರು ನಾಲ್ಕು ದಶಕಗಳು ಹಿಡಿದವೆಂದರೆ ನಂಬುವುದು ಕಷ್ಟ. ಆ ಕಥೆಯನ್ನು ಈ ತಿಂಗಳು ಓದುಗರ ಮುಂದಿಡಲು ಬಯಸುತ್ತೇವೆ. ಬಯಸುವುದಕ್ಕೆ ಕಾರಣ ನಮ್ಮದೇ ಒಂದು ತಪ್ಪು. ಮೊದಲು ಅದನ್ನು ಒಪ್ಪಿಕೊಂಡು ಮುಂದುವರಿಯುವುದು ಲೇಸು.

ಕೆಲವು ವರ್ಷಗಳ ಹಿಂದೆ ಸಂಘದ ಸದಸ್ಯರ ಪಟ್ಟಿಯನ್ನು ದಪ್ಪ ರಿಜಿಸ್ಟರಿನಿಂದ ಕಂಪ್ಯೂಟರಿಗೆ ಏರಿಸುವ ಮಾತು ಬಂತು. ನಾವು ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಗುಮಾಸ್ತರು, ಓದಿದ್ದು ಬಿ.ಎಸ್ಸಿ.; ಸಂಜೆಯ ತರಗತಿಯಲ್ಲಿ ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನು ಅಷ್ಟಿಷ್ಟು ಕಲಿತವರು. ಅಷ್ಟೇ ಅರ್ಹತೆಯ ಮೇಲೆ ಆ ಹೊಣೆ ನಮ್ಮ ಹೆಗಲೇರಿತು. ರಾತ್ರಿ ಕೂತು ಪ್ರೋಗ್ರಾಮು ಬರೆದೆವು. ಪರದೆಯ ಕೆಳಗೆ ಅಕ್ಕಪಕ್ಕದಲ್ಲಿ ಎರಡು ಗುಂಡಿಗಳು. ಒಂದರ ಮೇಲೆ "ಸದಸ್ಯರ ವಿವರ ಉಳಿಸು" ಎಂದೂ, ಇನ್ನೊಂದರ ಮೇಲೆ "ಸದಸ್ಯರ ವಿವರ ಅಳಿಸು" ಎಂದೂ ಬರೆದೆವು. ಗುಂಡಿಯ ಅಗಲ ಇಷ್ಟು, ಎತ್ತರ ಇಷ್ಟು ಎಂದು ಅಂಕಿ ಕೊಟ್ಟು ಕೂರಿಸಿದೆವು. ನಮ್ಮ ಮನೆಯ ಯಂತ್ರದಲ್ಲಿ ಎಲ್ಲವೂ ಚೆನ್ನಾಗಿಯೇ ಕಾಣುತ್ತಿತ್ತು.

ಸಂಘದ ಕಚೇರಿಯ ಯಂತ್ರದಲ್ಲಿ ಹಾಗಾಗಲಿಲ್ಲ. ನಮ್ಮ ಖಜಾಂಚಿಗಳು ಎಪ್ಪತ್ತು ದಾಟಿದವರು. ಕಣ್ಣಿಗೆ ಅನುಕೂಲವಾಗಲೆಂದು ಪರದೆಯ ಅಕ್ಷರಗಳನ್ನು ದೊಡ್ಡದು ಮಾಡಿಸಿಕೊಂಡಿದ್ದರು. ಅಕ್ಷರ ದೊಡ್ಡದಾಯಿತು, ಗುಂಡಿ ಮಾತ್ರ ನಾವು ಕೊಟ್ಟ ಅಳತೆಯಲ್ಲೇ ಉಳಿಯಿತು. ಹಿಡಿಸಲಾರದ ಮಾತನ್ನು ಯಂತ್ರವು ಕತ್ತರಿಸಿ, ಮೂರು ಚುಕ್ಕಿ ಹಾಕಿ ಕೈತೊಳೆದುಕೊಂಡಿತು. ಎರಡು ಗುಂಡಿಗಳ ಮೇಲೂ ಈಗ "ಸದಸ್ಯರ ವಿವರ..." ಎಂದಷ್ಟೇ ಇತ್ತು!

"ಏನಪ್ಪಾ, ಎರಡಕ್ಕೂ ಒಂದೇ ಹೆಸರಿಟ್ಟಿದ್ದೀಯಲ್ಲ?" ಎಂದು ಅವರು ಫೋನು ಮಾಡುವಷ್ಟರಲ್ಲಿ ಬಲಗಡೆಯ ಗುಂಡಿಯನ್ನು ಒತ್ತಿಯಾಗಿತ್ತು. ಅಳಿಸುವ ಮುನ್ನ ಒಮ್ಮೆ ಕೇಳುವ ಏರ್ಪಾಟನ್ನೂ ನಾವು ಮಾಡಿರಲಿಲ್ಲ. ಸಂಘದ ಹಳೆಯ ಸದಸ್ಯರೊಬ್ಬರ ಇಡೀ ಕುಟುಂಬದ ವಿವರ ಅಳಿಸಿಹೋಯಿತು. ಹಳೆಯ ರಿಜಿಸ್ಟರನ್ನು ರದ್ದಿಗೆ ಹಾಕಿರಲಿಲ್ಲವಾದ್ದರಿಂದ ಮಾನ ಉಳಿಯಿತು. ಅಂದಿನಿಂದ ಒಂದು ಪ್ರಶ್ನೆ ನಮ್ಮನ್ನು ಬಿಡದೆ ಕಾಡಿತು: ಗುಂಡಿಯ ಅಳತೆಯನ್ನು ನಿರ್ಧರಿಸಬೇಕಾದವರು ಯಾರು? ಬರೆಯುವ ಪ್ರೋಗ್ರಾಮರೋ, ಗುಂಡಿಯ ಮೇಲಿನ ಮಾತೋ, ಅಥವಾ ಅದನ್ನು ಓದುವ ಮನುಷ್ಯನೋ?

ಎಣಿಸಿದರೆ ಸಾಕಾಗಿದ್ದ ಕಾಲ

ಇದು ಕಂಪ್ಯೂಟರಿಗಿಂತ ಹಳೆಯ ಪ್ರಶ್ನೆ. ಮುದ್ರಣಾಲಯದಲ್ಲಿ ಮೊಳೆ ಜೋಡಿಸುತ್ತಿದ್ದವರು ಇದನ್ನು ದಿನವೂ ಬಿಡಿಸುತ್ತಿದ್ದರು. ಸೀಸದ ಮೊಳೆಗಳ ಅಗಲ ಒಂದೇ ಸಮನಲ್ಲ. 'ರ' ಕಿರಿದು, 'ಯ' ಅಗಲ. ಸಾಲಿನ ಉದ್ದ ಮಾತ್ರ ನಿಶ್ಚಿತ. ಉಳಿದ ಜಾಗಕ್ಕೆ ಪದಗಳ ನಡುವೆ ತೆಳುವಾದ ಖಾಲಿ ಮೊಳೆಗಳನ್ನು ಸೇರಿಸಿ ಸಾಲನ್ನು ಬಿಗಿ ಮಾಡುತ್ತಿದ್ದರು. ಕಣ್ಣಳತೆ ಮತ್ತು ಬೆರಳಿನ ಅಭ್ಯಾಸ, ಇವೇ ಅವರ ಗಣಿತ.

ಕಂಪ್ಯೂಟರು ಬಂದಾಗ ಈ ತೊಡಕು ಕೆಲಕಾಲ ಮರೆಯಾಯಿತು. 1928ರಲ್ಲಿ ಐ.ಬಿ.ಎಂ. ಕಂಪನಿಯು 80 ಕಂಬಸಾಲುಗಳ ರಂಧ್ರಪತ್ರವನ್ನು ತಂದಿತ್ತು. ಒಂದು ಕಂಬಸಾಲಿಗೆ ಒಂದು ಅಕ್ಷರ. ಮುಂದೆ ಪರದೆಗಳು ಬಂದಾಗಲೂ ಸಾಲಿಗೆ 80 ಅಕ್ಷರಗಳೆಂಬ ಲೆಕ್ಕವೇ ಬಹುಮಟ್ಟಿಗೆ ಉಳಿಯಿತು. 1981ರ ಐ.ಬಿ.ಎಂ. ಪರ್ಸನಲ್ ಕಂಪ್ಯೂಟರಿನಲ್ಲಿ ಪರದೆಗೆ 25 ಸಾಲು, ಸಾಲಿಗೆ 80 ಅಕ್ಷರ. ಇಂಗ್ಲಿಷಿನ 'ಐ'ಗೂ 'ಡಬ್ಲ್ಯೂ'ಗೂ ಒಂದೇ ಅಗಲದ ಕೋಣೆ. ಅಕ್ಷರ ಎಣಿಸಿದರೆ ಜಾಗ ಗೊತ್ತಾಗುತ್ತಿತ್ತು. ಸರ್ಕಾರಿ ಅರ್ಜಿಗಳಲ್ಲಿ ಒಂದು ಚೌಕಕ್ಕೆ ಒಂದು ಅಕ್ಷರದಂತೆ ಹೆಸರು ತುಂಬಿಸುವಾಗ ತಂದೆಯ ಹೆಸರಿನ ಕೊನೆಯ ಎರಡಕ್ಷರಕ್ಕೆ ಚೌಕ ಸಾಲದೆ ಪೇಚಾಡಿದವರಿಗೆ ಆ ಪದ್ಧತಿಯ ಗುಣವೂ ಗೊತ್ತು, ದೋಷವೂ ಗೊತ್ತು.

ಚುಕ್ಕಿಗಳ ಲೋಕ

ಅಮೆರಿಕದ ಕ್ಯಾಲಿಫೋರ್ನಿಯದ ಪಾಲೊ ಆಲ್ಟೊದಲ್ಲಿ ಜೆರಾಕ್ಸ್ ಕಂಪನಿ 1970ರಲ್ಲಿ ಒಂದು ಸಂಶೋಧನಾಲಯ ತೆರೆಯಿತು. ಅಲ್ಲಿ 1973ರಲ್ಲಿ ಸಿದ್ಧವಾದ ಆಲ್ಟೊ ಎಂಬ ಯಂತ್ರದ ಪರದೆ ಕಾಗದದ ಹಾಳೆಯಂತೆ ನೆಟ್ಟಗೆ ನಿಂತಿತ್ತು: ಅಡ್ಡಕ್ಕೆ 606, ಉದ್ದಕ್ಕೆ 808 ಚುಕ್ಕಿಗಳು. ಒಂದೊಂದು ಚುಕ್ಕಿಯನ್ನೂ ಬೇರೆಬೇರೆಯಾಗಿ ಕಪ್ಪು ಅಥವಾ ಬಿಳಿ ಮಾಡಬಹುದಾಗಿತ್ತು. ಅಕ್ಷರದ ಕೋಣೆಗಳ ಕಟ್ಟು ಬಿದ್ದುಹೋಯಿತು. ಸಹಜವಾದ ಅಗಲಗಳುಳ್ಳ ಅಕ್ಷರ, ಚಿತ್ರ, ಕಿಟಕಿ, ಗುಂಡಿ ಎಲ್ಲವೂ ಪರದೆಗೆ ಬಂದವು. ಇದೇ ಸಂಸ್ಥೆಯ ಸ್ಟಾರ್ ಯಂತ್ರ 1981ರಲ್ಲಿ ಮಾರಾಟಕ್ಕೆ ಬಂತು. ಆಪಲ್ ಕಂಪನಿಯ ಲೀಸಾ 1983ರ ಜನವರಿಯಲ್ಲಿಯೂ ಮೆಕಿಂತೋಷ್ 1984ರ ಜನವರಿಯಲ್ಲಿಯೂ ಹೊರಬಂದವು.

ಸ್ವಾತಂತ್ರ್ಯದ ಜೊತೆಗೆ ತೊಂದರೆಯೂ ಬಂತೆನ್ನಬೇಕು. ಮೆಕಿಂತೋಷ್‌ನಲ್ಲಿ ಪ್ರಶ್ನೆ ಕೇಳುವ ಒಂದು ಪುಟ್ಟ ಕಿಟಕಿಯನ್ನು ರಚಿಸಬೇಕಾದರೆ ಅದರೊಳಗಿನ ಪ್ರತಿಯೊಂದು ಗುಂಡಿಗೂ ನಾಲ್ಕು ಅಂಕಿಗಳನ್ನು ಕೊಡಬೇಕಿತ್ತು: ಮೇಲಿನ ಅಂಚು, ಎಡ ಅಂಚು, ಕೆಳ ಅಂಚು, ಬಲ ಅಂಚು. ಎಲ್ಲವೂ ಚುಕ್ಕಿಗಳ ಲೆಕ್ಕ. ಮೊದಲ ಮೆಕಿಂತೋಷ್‌ನ ಪರದೆ 512 ಅಡ್ಡ, 342 ಉದ್ದ, ಒಟ್ಟು 1,75,104 ಚುಕ್ಕಿಗಳು, ಅಂಗುಲಕ್ಕೆ 72. ಕೊಂಡವರೆಲ್ಲರ ಮನೆಯಲ್ಲಿಯೂ ಅದೇ ಪರದೆ, ಅದೇ ಅಕ್ಷರ. ಆದಕಾರಣ ಅಂಕಿ ಕೊಟ್ಟು ಕೂರಿಸುವುದು ಅಂದಿಗೆ ತಪ್ಪೆನಿಸಲಿಲ್ಲ.

ಆದರೂ ಅದನ್ನು ರಚಿಸಿದವರು ಒಂದು ದೂರದೃಷ್ಟಿ ತೋರಿದ್ದರು. ಗುಂಡಿಗಳ ಮೇಲಿನ ಮಾತನ್ನೂ ಆ ನಾಲ್ಕು ಅಂಕಿಗಳನ್ನೂ ಪ್ರೋಗ್ರಾಮಿನ ಒಳಗೆ ಬೆರೆಸದೆ, ಪ್ರತ್ಯೇಕ ಭಾಗದಲ್ಲಿ ಇಟ್ಟರು. ಜರ್ಮನಿಗೋ ಫ್ರಾನ್ಸಿಗೋ ಕಳುಹಿಸುವಾಗ ಅನುವಾದಕರು ಮಾತನ್ನು ಬದಲಿಸಿ, ಗುಂಡಿಯನ್ನು ಕೈಯಿಂದ ಹಿಗ್ಗಿಸಿ ಸರಿಪಡಿಸಬಹುದಾಗಿತ್ತು. ಇಂಗ್ಲಿಷಿನ 'ಕ್ಯಾನ್ಸಲ್' ಎಂಬ ಮಾತಿಗೆ ಆರು ಅಕ್ಷರ. ಜರ್ಮನರು ಅದಕ್ಕೆ ಬರೆಯುವ 'ಆಬ್ರೆಖೆನ್' ಎಂಬುದಕ್ಕೆ ಒಂಬತ್ತು. ಚಿಕ್ಕ ಮಾತುಗಳು ಇನ್ನೊಂದು ಭಾಷೆಗೆ ಹೋದಾಗ ಎರಡು ಪಟ್ಟು, ಕೆಲವೊಮ್ಮೆ ಮೂರು ಪಟ್ಟು ಬೆಳೆಯುವುದುಂಟು. ಹಾಸಿಗೆ ಚಿಕ್ಕದಾದಾಗಲೆಲ್ಲ ಯಾರಾದರೊಬ್ಬರು ಕೂತು ಒಂದೊಂದಾಗಿ ಹಿಗ್ಗಿಸಬೇಕು. ಭಾಷೆ ಹತ್ತಾದರೆ ಕೆಲಸವೂ ಹತ್ತು ಪಟ್ಟು.

ಗೇಣು, ಮೊಳದ ಲೆಕ್ಕ

ಮೈಕ್ರೋಸಾಫ್ಟ್ ಕಂಪನಿಯ ವಿಂಡೋಸ್ 1985ರ ನವೆಂಬರಿನಲ್ಲಿ ಹೊರಬಂದಾಗ ಅದಕ್ಕೆ ಆಪಲ್‌ನವರ ಸೌಕರ್ಯವಿರಲಿಲ್ಲ. ಯಂತ್ರಗಳನ್ನು ಮಾಡುವವರು ಹಲವರು, ಪರದೆಗಳು ಹಲವು ಬಗೆ. ಒಂದರಲ್ಲಿ ಅಂದವಾಗಿ ಕಂಡದ್ದು ಇನ್ನೊಂದರಲ್ಲಿ ವಿಕಾರವಾಗುತ್ತಿತ್ತು. ಇದಕ್ಕೆ ವಿಂಡೋಸ್‌ನಲ್ಲಿ ದೊರೆತ ಉಪಾಯ ನಮಗೆ ಬಹಳ ಹಿಡಿಸಿತು. ಚುಕ್ಕಿಯಲ್ಲಿ ಅಳೆಯುವುದನ್ನು ಬಿಟ್ಟು ಅಕ್ಷರದಲ್ಲಿಯೇ ಅಳೆದರು. ಅಕ್ಷರದ ಸರಾಸರಿ ಅಗಲದ 1/4 ಭಾಗ ಅಡ್ಡ ಅಳತೆಯ ಮಾನ. ಅಕ್ಷರದ ಎತ್ತರದ 1/8 ಭಾಗ ಉದ್ದ ಅಳತೆಯ ಮಾನ. ನಮ್ಮ ಹಿರಿಯರು ಗೇಣು, ಮೊಳಗಳಲ್ಲಿ ಅಳೆಯುತ್ತಿದ್ದಂತೆ. ಕೈ ದೊಡ್ಡದಾದರೆ ಮೊಳವೂ ದೊಡ್ಡದು. ಅಕ್ಷರ ಹಿಗ್ಗಿದರೆ ಗುಂಡಿಯೂ ತಾನಾಗಿ ಹಿಗ್ಗುತ್ತಿತ್ತು.

ಸಾಮಾನ್ಯ ಗುಂಡಿಯೊಂದರ ಅಳತೆ ಈ ಲೆಕ್ಕದಲ್ಲಿ 50ಕ್ಕೆ 14. ಎಂದರೆ ಹನ್ನೆರಡೂವರೆ ಅಕ್ಷರದಷ್ಟು ಅಗಲ, ಒಂದೂಮುಕ್ಕಾಲು ಅಕ್ಷರದಷ್ಟು ಎತ್ತರ. ಆದರೆ ಸರಾಸರಿ ಅಗಲವನ್ನು ಕಂಡುಹಿಡಿಯುತ್ತಿದ್ದುದು ಹೇಗೆ? ಇಂಗ್ಲಿಷಿನ ದೊಡ್ಡಕ್ಷರ 26, ಚಿಕ್ಕಕ್ಷರ 26, ಒಟ್ಟು 52ನ್ನು ಒಂದು ಸಾಲಿನಲ್ಲಿಟ್ಟು ಅಳೆದು ಭಾಗಿಸುತ್ತಿದ್ದರು! ಅಳತೆಗೋಲು ಯಾರ ಕೈಯದು ಎಂಬುದು ಇಲ್ಲಿ ತಿಳಿಯುತ್ತದೆ. ಇದರಲ್ಲಿ ದುರುದ್ದೇಶವೇನೂ ಇರಲಿಲ್ಲ. ಅಳೆಯುವವನು ತನ್ನ ಕೈಯಿಂದಲೇ ಅಳೆಯುತ್ತಾನೆ. ಆದರೆ ಆ ಮೊಳದಲ್ಲಿ ನೇಯ್ದ ಅಂಗಿ ನಮಗೆ ಬಿಗಿಯಾದರೆ ಆಶ್ಚರ್ಯವೇನು?

1991ರಲ್ಲಿ ಬಂದ ವಿಷುಯಲ್ ಬೇಸಿಕ್ ಎಂಬ ಸಾಧನ ಈ ಕೆಲಸವನ್ನು ಇನ್ನಷ್ಟು ಸುಲಭ ಮಾಡಿತು. ಗುಂಡಿಯನ್ನು ಮೌಸಿನಿಂದ ಎಳೆದು ಬೇಕಾದ ಕಡೆ ಬಿಟ್ಟರಾಯಿತು, ಪರದೆ ಸಿದ್ಧ. ಪ್ರೋಗ್ರಾಮು ಬರೆಯುವುದು ಸಾಮಾನ್ಯರ ಕೈಗೆಟುಕಿತು. ಅದು ದೊಡ್ಡ ಉಪಕಾರವೇ. ಜೊತೆಗೆ, ಬಿಟ್ಟ ಕಡೆಯೇ ಕಚ್ಚಿಕೊಂಡು ಕೂರುವ ಗುಂಡಿಗಳ ಅಭ್ಯಾಸವೂ ಲಕ್ಷಾಂತರ ಜನರಿಗೆ ಅಂಟಿತು. ನಮಗೂ ಅಂಟಿದ್ದು ಅದೇ ಅಭ್ಯಾಸ.

ಮಂಜೂರು, ನಾಮಂಜೂರು, ಇಷ್ಟಾದರೆ ಆಗಬಹುದು

ಇದೇ ಅವಧಿಯಲ್ಲಿ ಅಮೆರಿಕದ ವಿಶ್ವವಿದ್ಯಾನಿಲಯಗಳಲ್ಲಿ ಬೇರೊಂದು ಯೋಚನೆ ಬೆಳೆಯುತ್ತಿತ್ತು. ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯಲ್ಲಿ ಬಾಬ್ ಶೈಫ್ಲರ್ ಮತ್ತು ಜಿಮ್ ಗೆಟ್ಟಿಸ್ ಎಂಬವರು 1984ರಲ್ಲಿ ಎಕ್ಸ್ ಎಂಬ ಕಿಟಕಿ ವ್ಯವಸ್ಥೆಯನ್ನು ಆರಂಭಿಸಿದರು. ಅದರ ಹನ್ನೊಂದನೆಯ ಆವೃತ್ತಿ 1987ರಲ್ಲಿ ಬಂತು. ಅದರೊಂದಿಗೆ ಬಂದ ಸಾಧನ ಸಂಗ್ರಹದಲ್ಲಿ ಗುಂಡಿಗೆ ಅಳತೆ ಕೊಡುವ ಪದ್ಧತಿ ನಮ್ಮ ಕಚೇರಿಯ ಫೈಲಿನ ಹಾಗಿದೆ. ಪ್ರತಿಯೊಂದು ಗುಂಡಿಯೂ ಒಂದು ಪೆಟ್ಟಿಗೆಯೊಳಗಿರುತ್ತದೆ. ಆ ಪೆಟ್ಟಿಗೆಯೇ ಅದರ ಮೇಲಧಿಕಾರಿ. ತನ್ನ ಮೇಲಿನ ಮಾತು ಉದ್ದವಾಯಿತೆಂದರೆ ಗುಂಡಿಯು "ನನಗೆ ಇಷ್ಟು ಜಾಗ ಬೇಕು" ಎಂದು ಮನವಿ ಸಲ್ಲಿಸಬೇಕು. ಪೆಟ್ಟಿಗೆ ಮೂರರಲ್ಲಿ ಒಂದು ಉತ್ತರ ಕೊಡಬಹುದು: ಮಂಜೂರು, ನಾಮಂಜೂರು, ಇಲ್ಲವೆ "ಅಷ್ಟು ಆಗದು, ಇಷ್ಟಾದರೆ ಆಗಬಹುದು." ಮೂರನೆಯ ಉತ್ತರ ಬಂದರೆ ಗುಂಡಿ ಒಪ್ಪಿಕೊಂಡು ಹೊಸ ಮನವಿ ಕೊಡುತ್ತದೆ, ಇಲ್ಲವಾದರೆ ಸುಮ್ಮನಾಗುತ್ತದೆ. ಪೆಟ್ಟಿಗೆಗೇ ಜಾಗ ಸಾಲದಿದ್ದರೆ ಅದು ತನ್ನ ಮೇಲಿನವರಿಗೆ ಬರೆಯುತ್ತದೆ.

ಓದುಗರು ನಗಬಹುದು. ಆದರೆ ಇಲ್ಲೊಂದು ದೊಡ್ಡ ಬದಲಾವಣೆಯಿದೆ. ಅಲ್ಲಿಯವರೆಗೆ ಗುಂಡಿಗೆ ಬಾಯಿರಲಿಲ್ಲ. ಅಳತೆ ಮೇಲಿನಿಂದ ಬರುತ್ತಿತ್ತು. ಈಗ ಒಳಗಿರುವ ಮಾತು ತನಗೆ ಎಷ್ಟು ಜಾಗ ಬೇಕೆಂದು ತಾನೇ ಹೇಳಿತು, ಕೊಡುವವರು ಕೇಳಿಸಿಕೊಂಡರು.

ಕೇಳಿದ್ದಾಯಿತು, ಉಳಿದ ಜಾಗವನ್ನು ಹಂಚುವುದು ಹೇಗೆ? ಇದಕ್ಕೆ ಉತ್ತರ ಪುಸ್ತಕ ಮುದ್ರಣದ ಕಡೆಯಿಂದ ಬಂದುದು ವಿಶೇಷ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಡೊನಾಲ್ಡ್ ಕನೂತ್ ಅವರು ತಮ್ಮ ಗ್ರಂಥದ ಹೊಸ ಮುದ್ರಣದ ಕರಡಚ್ಚು ಅಂದಗೆಟ್ಟಿದ್ದನ್ನು ಕಂಡು ಬೇಸರಗೊಂಡು, 1977ರಲ್ಲಿ ತಾವೇ ಒಂದು ಅಕ್ಷರ ಜೋಡಣೆಯ ವ್ಯವಸ್ಥೆಯನ್ನು ಕಟ್ಟಲು ತೊಡಗಿದರು. ಅದಕ್ಕೆ 'ಟೆಕ್' ಎಂದು ಹೆಸರು. ಅದರಲ್ಲಿ ಅಕ್ಷರಗಳು ಪೆಟ್ಟಿಗೆಗಳು. ಅವುಗಳ ನಡುವೆ ಇರುವುದು ಗೋಂದು. ಈ ಗೋಂದಿಗೆ ಮೂರು ಗುಣ: ಸಹಜ ಅಳತೆ ಎಷ್ಟು, ಎಷ್ಟು ಹಿಗ್ಗಬಲ್ಲದು, ಎಷ್ಟು ಕುಗ್ಗಬಲ್ಲದು. ಬಿ.ಎಸ್ಸಿ.ಯಲ್ಲಿ ಸ್ಪ್ರಿಂಗಿಗೆ ತೂಕ ಕಟ್ಟಿ ಹುಕ್ಕನ ನಿಯಮ ಪರೀಕ್ಷಿಸಿದವರಿಗೆ ಇದು ಗೋಂದಿಗಿಂತ ಸ್ಪ್ರಿಂಗೆಂದೇ ತೋರುತ್ತದೆ. ಮೊಳೆ ಜೋಡಿಸುವವರ ಬೆರಳಿನ ಅಭ್ಯಾಸ ಹೀಗೆ ಗಣಿತವಾಯಿತು. 1980ರ ದಶಕದ ಕೊನೆಯಲ್ಲಿ ಅದೇ ಸ್ಟ್ಯಾನ್‌ಫರ್ಡಿನ ಮಾರ್ಕ್ ಲಿಂಟನ್ ಮತ್ತು ಸಂಗಡಿಗರು 'ಇಂಟರ್‌ವ್ಯೂಸ್' ಎಂಬ ಸಾಧನದಲ್ಲಿ ಈ ಪೆಟ್ಟಿಗೆ ಮತ್ತು ಗೋಂದನ್ನು ಪುಟದಿಂದ ಪರದೆಗೆ ತಂದರು.

ಒಂದು ಲೆಕ್ಕ ನೋಡೋಣ. ಪರದೆಯಲ್ಲಿ ಒಂದು ಸಾಲು, ಅದರ ಅಗಲ 400 ಚುಕ್ಕಿ. ಅದರೊಳಗೆ "ಹೆಸರು" ಎಂಬ ಮಾತಿಗೆ 90, ಹೆಸರು ತುಂಬುವ ಖಾಲಿ ಚೌಕಕ್ಕೆ ಕನಿಷ್ಠ 100, "ಹುಡುಕು" ಎಂಬ ಗುಂಡಿಗೆ 70 ಚುಕ್ಕಿ ಬೇಕು. ಒಟ್ಟು 260. ಉಳಿದದ್ದು 140. ಹಿಗ್ಗುವ ಗುಣ ಖಾಲಿ ಚೌಕಕ್ಕೆ ಮಾತ್ರ ಇದ್ದರೆ 140 ಪೂರ್ತಿ ಅದಕ್ಕೇ ಸೇರಿ ಅದು 240 ಆಗುತ್ತದೆ. ಚೌಕಕ್ಕೆ ಮೂರು ಪಾಲು, ಗುಂಡಿಗೆ ಒಂದು ಪಾಲು ಎಂದಿದ್ದರೆ ಚೌಕಕ್ಕೆ 105, ಗುಂಡಿಗೆ 35 ಹಂಚಿಕೆಯಾಗುತ್ತದೆ. ಮಾತು ಬದಲಾಗಲಿ, ಪರದೆ ಹಿಗ್ಗಲಿ, ಪಾಲಿನ ನಿಯಮ ಒಂದೇ. ಲೋಕಲ್ ರೈಲಿನ ಮೂರು ಜನರ ಬೆಂಚಿನಲ್ಲಿ ನಾಲ್ಕನೆಯವರು ಬಂದಾಗ ಎಲ್ಲರೂ ಸ್ವಲ್ಪ ಸ್ವಲ್ಪ ಸರಿದು ಕೊಡುವುದಿಲ್ಲವೆ? ಬೆಂಚು ಖಾಲಿಯಾದಾಗ ಮತ್ತೆ ಹರಡಿಕೊಳ್ಳುವುದಿಲ್ಲವೆ? ಅದೇ ನ್ಯಾಯ.

ಬರ್ಕ್ಲಿಯ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಜಾನ್ ಔಸ್ಟರ್‌ಹೌಟ್ ಅವರು 1988ರಲ್ಲಿ ಟಿಕಲ್ ಎಂಬ ಭಾಷೆಯನ್ನೂ ಅದರ ಬೆನ್ನಿಗೇ ಟಿಕೆ ಎಂಬ ಸಾಧನವನ್ನೂ ರಚಿಸಿದರು. ಟಿಕೆಯಲ್ಲಿ ಪರದೆ ಜೋಡಿಸುವುದು ಬೇಸಿಗೆ ರಜೆಗೆ ಊರಿಗೆ ಹೊರಡುವಾಗ ಟ್ರಂಕು ತುಂಬಿದಂತೆ. "ಇದು ಮೇಲ್ಗಡೆಗೆ, ಇದು ಎಡಕ್ಕೆ, ಉಳಿದ ಜಾಗವೆಲ್ಲ ಇದಕ್ಕೆ" ಎಂದು ಹೇಳುತ್ತಾ ಹೋದರಾಯಿತು. ಒಂದೊಂದು ವಸ್ತುವೂ ತನ್ನ ಬದಿಯನ್ನು ಹಿಡಿದ ಮೇಲೆ ಮಿಕ್ಕದ್ದು ಮುಂದಿನದಕ್ಕೆ. ನಮ್ಮ ಟ್ರಂಕಿಗಿಲ್ಲದ ಒಂದು ಗುಣ ಅದಕ್ಕಿತ್ತು: ತುಂಬಿದ ಸಾಮಾನಿಗೆ ತಕ್ಕಂತೆ ಟ್ರಂಕೇ ಹಿಗ್ಗಿ ಕುಗ್ಗುತ್ತಿತ್ತು!

ಹನ್ನೊಂದು ಕಲಮುಗಳ ಅರ್ಜಿ

1996ರ ಜನವರಿಯಲ್ಲಿ ಜಾವಾದ ಮೊದಲ ಆವೃತ್ತಿ ಬಂತು. ಒಂದೇ ಪ್ರೋಗ್ರಾಮು ವಿಂಡೋಸ್, ಮೆಕಿಂತೋಷ್, ಯೂನಿಕ್ಸ್ ಮೂರರಲ್ಲೂ ಓಡಬೇಕೆಂಬುದು ಅದರ ಪಣ. ಮೂರು ಕಡೆಯೂ ಗುಂಡಿಯ ರೂಪ ಬೇರೆ, ಅಕ್ಷರ ಬೇರೆ. ಅಂಕಿ ಕೊಟ್ಟು ಕೂರಿಸುವ ಪದ್ಧತಿ ಅಲ್ಲಿ ನಡೆಯುವಂತಿರಲಿಲ್ಲ. ಆದ್ದರಿಂದ ಜಾಗ ಹಂಚುವ ಐದು ಬಗೆಯ ವ್ಯವಸ್ಥಾಪಕರನ್ನು ಮೊದಲಿನಿಂದಲೇ ಅದರಲ್ಲಿ ನೇಮಿಸಿದ್ದರು. ಒಬ್ಬನು ಪದಗಳನ್ನು ಸಾಲಿನಲ್ಲಿ ಬರೆದಂತೆ ಗುಂಡಿಗಳನ್ನು ಸಾಲಾಗಿ ಇಡುವವನು. ಒಬ್ಬನು ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ, ನಡು ಎಂದು ಐದು ಭಾಗ ಮಾಡುವವನು. ಒಬ್ಬನು ಸಮಚೌಕಗಳ ಜಾಲ ಹಾಕುವವನು. ಒಬ್ಬನು ಇಸ್ಪೀಟಿನ ಎಲೆಗಳಂತೆ ಒಂದರ ಮೇಲೊಂದು ಇಡುವವನು. ಐದನೆಯವನು ಎಲ್ಲರಿಗಿಂತ ಸಮರ್ಥ, ಎಲ್ಲರಿಗಿಂತ ಕಠಿಣ. ಅವನ ಹೆಸರು ಗ್ರಿಡ್‌ಬ್ಯಾಗ್.

ಗ್ರಿಡ್‌ಬ್ಯಾಗಿಗೆ ಒಂದೊಂದು ವಸ್ತುವಿನ ಬಗ್ಗೆಯೂ ಹನ್ನೊಂದು ಕಲಮುಗಳ ಅರ್ಜಿ ತುಂಬಬೇಕು: ಯಾವ ಕಂಬಸಾಲು, ಯಾವ ಅಡ್ಡಸಾಲು, ಎಷ್ಟು ಕೋಣೆ ಅಗಲ, ಎಷ್ಟು ಕೋಣೆ ಎತ್ತರ, ಹೆಚ್ಚುವರಿ ಜಾಗದಲ್ಲಿ ಅಡ್ಡಕ್ಕೆ ಎಷ್ಟು ಪಾಲು, ಉದ್ದಕ್ಕೆ ಎಷ್ಟು ಪಾಲು, ಹೀಗೆ. ಪಾಲಿನ ಕಲಮನ್ನು ಮರೆತರೆ ಅದು ಸೊನ್ನೆ ಎಂದೇ ಲೆಕ್ಕ. ಆಗ ಎಲ್ಲ ಗುಂಡಿಗಳೂ ಚಳಿ ಹಿಡಿದವರಂತೆ ಪರದೆಯ ನಟ್ಟನಡುವೆ ಮುದುಡಿಕೊಂಡು ಕೂರುತ್ತವೆ. ಇದನ್ನು ಕಂಡು ಬೆದರಿ ಎಲ್ಲ ವ್ಯವಸ್ಥಾಪಕರನ್ನೂ ವಜಾ ಮಾಡಿ, ನಾವೇ ಅಂಕಿ ಕೊಟ್ಟು ಕೂರಿಸಿದ್ದು ನಮ್ಮ ಸಂಘದ ಪ್ರೋಗ್ರಾಮಿನ ಮೂಲ ಪಾಪ. ಹಾಗೆ ಮಾಡಬೇಡಿರೆಂದು ಜಾವಾದ ಕಲಿಕೆಯ ಪುಸ್ತಕಗಳೇ ಎಚ್ಚರಿಸಿದ್ದವು. ನಾವು ಕೇಳಲಿಲ್ಲ.

ಹಾರಲಾರದ ಹಕ್ಕಿ

ಇದೆಲ್ಲಕ್ಕೂ ಹಿಂದೆ, 1963ರಲ್ಲಿಯೇ, ಒಬ್ಬ ತರುಣ ಈ ಸಮಸ್ಯೆಯ ಬೇರನ್ನು ಮುಟ್ಟಿದ್ದ. ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯ ವಿದ್ಯಾರ್ಥಿ ಐವನ್ ಸದರ್ಲೆಂಡ್ ತನ್ನ ಡಾಕ್ಟರೇಟ್ ಪ್ರಬಂಧಕ್ಕಾಗಿ ಸ್ಕೆಚ್‌ಪ್ಯಾಡ್ ಎಂಬ ಪ್ರೋಗ್ರಾಮನ್ನು ರಚಿಸಿದ. ಬೆಳಕಿನ ಲೇಖನಿಯಿಂದ ಪರದೆಯ ಮೇಲೆ ಒರಟಾಗಿ ಗೆರೆ ಎಳೆದು, "ಈ ಎರಡು ಗೆರೆಗಳು ಸಮಾನಾಂತರವಾಗಿರಲಿ, ಈ ಎರಡರ ಉದ್ದ ಒಂದೇ ಆಗಿರಲಿ" ಎಂದು ಕಟ್ಟಳೆ ವಿಧಿಸಿದರೆ ಸಾಕು. ಯಂತ್ರವೇ ಚಿತ್ರವನ್ನು ತಿದ್ದಿ ಕೊಡುತ್ತಿತ್ತು. ಅಂಕಿಯನ್ನು ಹೇಳದೆ ಸಂಬಂಧವನ್ನು ಹೇಳುವ ಈ ರೀತಿ ಆ ಕಾಲಕ್ಕೆ ಬಹಳ ಮುಂದಿನದು. 1979ರಲ್ಲಿ ಆಲನ್ ಬಾರ್ನಿಂಗ್ ಎಂಬವರು ಥಿಂಗ್‌ಲ್ಯಾಬ್ ಎಂಬ ತಮ್ಮ ಕೃತಿಯಲ್ಲಿ ಅದನ್ನು ಮುಂದುವರಿಸಿದರು. ತೊಂದರೆಯೆಂದರೆ ವೇಗ. ಕಿಟಕಿಯ ಅಂಚನ್ನು ಮೌಸಿನಿಂದ ಎಳೆಯುವಾಗ ಕಣ್ಣು ಮಿಟುಕಿಸುವುದರೊಳಗೆ ಎಲ್ಲ ಕಟ್ಟಳೆಗಳನ್ನೂ ಬಿಡಿಸಿ ಉತ್ತರ ಕೊಡಬೇಕು.

ಇದಕ್ಕೆ ನೆರವಾದದ್ದು 1947ರ ಒಂದು ಗಣಿತ. ಅಮೆರಿಕದ ವಾಯುಪಡೆಯ ಯೋಜನೆಗಳಿಗಾಗಿ ಜಾರ್ಜ್ ಡಾಂಟ್ಸಿಗ್ ಕಂಡುಹಿಡಿದ ಸಿಂಪ್ಲೆಕ್ಸ್ ವಿಧಾನ ಅದು. ಮಿತವಾದ ಸಾಮಗ್ರಿಯನ್ನು ಹಲವು ಷರತ್ತುಗಳೊಳಗೆ ಹೇಗೆ ಹಂಚಬೇಕೆಂಬುದೇ ಅದರ ವಿಷಯ. 1997ರಲ್ಲಿ ಬಾರ್ನಿಂಗ್ ಅವರೂ ಆಸ್ಟ್ರೇಲಿಯದ ಕಿಮ್ ಮ್ಯಾರಿಯಟ್, ಪೀಟರ್ ಸ್ಟಕಿ ಮೊದಲಾದವರೂ ಸೇರಿ ಆ ವಿಧಾನವನ್ನು ಪರದೆಯ ಕೆಲಸಕ್ಕೆ ಹೊಂದಿಸಿ ಪ್ರಕಟಿಸಿದರು. ಒಂದು ಕಟ್ಟಳೆ ಬದಲಾದರೆ ಇಡೀ ಲೆಕ್ಕವನ್ನು ಮೊದಲಿನಿಂದ ಮಾಡದೆ, ಹಿಂದಿನ ಉತ್ತರವನ್ನೇ ತಿದ್ದಿಕೊಳ್ಳುವುದು ಅದರ ಜಾಣ್ಮೆ. ಅದಕ್ಕೆ ಅವರಿಟ್ಟ ಹೆಸರು ಕ್ಯಾಸೊವರಿ. ಅದು ಆಸ್ಟ್ರೇಲಿಯ, ನ್ಯೂಗಿನಿಗಳ ಕಾಡಿನಲ್ಲಿರುವ, ಹಾರಲಾರದ ದೊಡ್ಡ ಹಕ್ಕಿಯ ಹೆಸರು.

ಈ ಪದ್ಧತಿಯಲ್ಲಿ ಕಟ್ಟಳೆಗಳಿಗೆ ಮೇಲು ಕೀಳುಂಟು. ಕೆಲವು ನಡೆಯಲೇಬೇಕಾದುವು, ಕೆಲವು ನಡೆದರೆ ಒಳ್ಳೆಯದು. "ಗುಂಡಿಯ ಮೇಲಿನ ಮಾತು ಕತ್ತರಿಸಬಾರದು" ಎಂಬುದು ಮೊದಲ ಗುಂಪಿನದು. "ಎರಡು ಗುಂಡಿಗಳೂ ಒಂದೇ ಅಗಲವಿರಲಿ" ಎಂಬುದು ಎರಡನೆಯದು. ಜಾಗ ಸಾಲದಾದಾಗ ಎರಡನೆಯದು ಬಿಟ್ಟುಕೊಡುತ್ತದೆ. ಆಪಲ್ ಕಂಪನಿ 2011ರಲ್ಲಿ ಇದನ್ನೇ ತನ್ನ ಮ್ಯಾಕ್ ಯಂತ್ರಗಳಿಗೂ, 2012ರಲ್ಲಿ ಐಫೋನಿಗೂ ತಂದಿತು. ಅಲ್ಲಿ ಕಟ್ಟಳೆಗಳಿಗೆ 1ರಿಂದ 1000ದವರೆಗೆ ಅಂಕ. 1000 ಎಂದರೆ ಕಡ್ಡಾಯ. ಕಡ್ಡಾಯವಾದ ಎರಡು ಕಟ್ಟಳೆಗಳು ಒಂದನ್ನೊಂದು ವಿರೋಧಿಸಿದರೆ ಯಂತ್ರ ದೂರು ಬರೆದು, ಒಂದನ್ನು ಕೈಬಿಟ್ಟು ಮುಂದೆ ಸಾಗುತ್ತದೆ. 1984ರಲ್ಲಿ ನಾಲ್ಕು ಅಂಕಿಗಳಿಂದ ಹೊರಟ ಕಂಪನಿ ಇಪ್ಪತ್ತೇಳು ವರ್ಷಗಳ ನಂತರ 1963ರ ಯೋಚನೆಗೆ ಬಂದು ತಲುಪಿತೆಂಬುದು ಗಮನಿಸತಕ್ಕ ಸಂಗತಿ.

ಎತ್ತರದ ಪ್ರಶ್ನೆ

ಇಷ್ಟಾದರೂ ಒಂದು ಗಂಟು ಉಳಿದಿತ್ತು. ಒಂದು ವಾಕ್ಯವನ್ನು ಒಂದೇ ಸಾಲಿನಲ್ಲಿ ಬರೆದರೆ 600 ಚುಕ್ಕಿ ಅಗಲ ಬೇಕೆನ್ನಿ. 300 ಅಗಲ ಕೊಟ್ಟರೆ ಅದು ಎರಡು ಸಾಲಾಗುತ್ತದೆ. 200 ಕೊಟ್ಟರೆ ಮೂರು ಸಾಲು. ಅಗಲ ಗೊತ್ತಾಗುವ ತನಕ ಎತ್ತರವನ್ನು ಹೇಳಲಾಗದು. ಎತ್ತರ ಹೆಚ್ಚಾದರೆ ಪಕ್ಕದಲ್ಲಿ ಸರಿಸುವ ಪಟ್ಟಿ ಬರುತ್ತದೆ. ಪಟ್ಟಿ ಬಂದರೆ ಅಗಲ ಕಡಿಮೆಯಾಗುತ್ತದೆ. ಅಗಲ ಕಡಿಮೆಯಾದರೆ ಸಾಲು ಇನ್ನೊಂದು ಹೆಚ್ಚುತ್ತದೆ. ಬೀಜ ಮೊದಲೋ ವೃಕ್ಷ ಮೊದಲೋ ಎಂಬಂತೆ. 2006ರಲ್ಲಿ ಮೈಕ್ರೋಸಾಫ್ಟಿನ ಹೊಸ ವ್ಯವಸ್ಥೆಯೊಂದು ಇದನ್ನು ಎರಡು ಸುತ್ತಿನಲ್ಲಿ ಬಿಡಿಸಿತು: ಮೊದಲ ಸುತ್ತಿನಲ್ಲಿ "ಇಷ್ಟು ಜಾಗವಿದೆ, ನಿನಗೆಷ್ಟು ಬೇಕು?" ಎಂದು ಎಲ್ಲರನ್ನೂ ಕೇಳುವುದು, ಎರಡನೆಯ ಸುತ್ತಿನಲ್ಲಿ "ನಿನಗೆ ಇಷ್ಟು" ಎಂದು ಕೊಡುವುದು. ಲೈನಕ್ಸ್ ಯಂತ್ರಗಳಲ್ಲಿ ಬಳಸುವ ಜಿ.ಟಿ.ಕೆ. ಎಂಬ ಸಾಧನದ ಮೂರನೆಯ ಆವೃತ್ತಿ 2011ರಲ್ಲಿ ಬಂದಾಗ "ಇಷ್ಟು ಅಗಲ ಕೊಟ್ಟರೆ ಎಷ್ಟು ಎತ್ತರ ಬೇಕು?" ಎಂದು ನೇರವಾಗಿ ಕೇಳುವ ಪದ್ಧತಿಯನ್ನು ತಂದಿತು.

ಎತ್ತರದ ಮಾತು ಬಂದ ಮೇಲೆ ನಮ್ಮ ಲಿಪಿಯ ಮಾತನ್ನು ಆಡದಿರಲಾಗದು. ಇಂಗ್ಲಿಷಿನಲ್ಲಿ ಸಾಲಿನ ಕೆಳಗೆ ಬಾಲ ಚಾಚುವ ಅಕ್ಷರಗಳು ಬೆರಳೆಣಿಕೆಯಷ್ಟು. ಕನ್ನಡದಲ್ಲಿ ಒತ್ತಕ್ಷರವಿಲ್ಲದ ಸಾಲೇ ಅಪರೂಪ. 'ಸ್ತ್ರೀ', 'ರಾಷ್ಟ್ರ' ಎಂಬಲ್ಲಿ ಎರಡೆರಡು ಒತ್ತು. 1991ರಲ್ಲಿ ಪ್ರಕಟವಾದ ಯೂನಿಕೋಡ್ ಸಂಕೇತದ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ 128 ಸ್ಥಾನಗಳ ಒಂದು ಭಾಗ ದೊರೆತಿತ್ತು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಎಂಬ ಕನ್ನಡ ಅಕ್ಷರರೂಪವೂ ಜೊತೆಗೇ ಬಂತು. ಅಕ್ಷರ ಬಂತು, ಅದಕ್ಕೆ ಕೂರಲು ಜಾಗ ಮಾತ್ರ ಎಲ್ಲ ಕಡೆ ಸಿಗಲಿಲ್ಲ. ಇಂಗ್ಲಿಷಿನ ಎತ್ತರಕ್ಕೆಂದು ಅಂಕಿ ಕೊಟ್ಟು ಕೂರಿಸಿದ ಚೌಕದಲ್ಲಿ ಕನ್ನಡ ಬರೆದರೆ ಒತ್ತು ಕತ್ತರಿಸಿಹೋಗುತ್ತದೆ. ಒತ್ತು ಹೋದರೆ 'ಹಳ್ಳಿ' 'ಹಳಿ'ಯಾಗುತ್ತದೆ, 'ಮಗ್ಗ' 'ಮಗ'ನಾಗುತ್ತದೆ, 'ಕತ್ತೆ' 'ಕತೆ'ಯಾಗುತ್ತದೆ! ನಗೆಯ ಮಾತೆಂದು ಬಿಡುವಂತಿಲ್ಲ. ಬ್ಯಾಂಕಿನ ಯಂತ್ರದ ಮುಂದೆಯೋ ರೈಲಿನ ಟಿಕೆಟಿನ ಪರದೆಯ ಮುಂದೆಯೋ ನಿಂತ ಮುದುಕಿಯೊಬ್ಬಳು ಅರ್ಧ ಕತ್ತರಿಸಿದ ಕನ್ನಡವನ್ನು ಓದಲಾರದೆ "ಇಂಗ್ಲಿಷೇ ಒತ್ತಪ್ಪಾ" ಎಂದು ಮೊಮ್ಮಗನಿಗೆ ಹೇಳುವಂತಾದರೆ, ಕನ್ನಡವನ್ನು ಅಲ್ಲಿ ಸೇರಿಸಿ ಪ್ರಯೋಜನವಾದರೂ ಏನು?

ಇದಕ್ಕೆ ಪರಿಹಾರವನ್ನು ನಾವು ಬೇಡಿ ಪಡೆಯಬೇಕಾಗಿಲ್ಲ. ಜಾಗವನ್ನು ಅಕ್ಷರರೂಪದಿಂದಲೇ ಕೇಳಿ ತಿಳಿದುಕೊಳ್ಳುವ ಸಾಧನಗಳು ಮೇಲೆ ಹೇಳಿದಂತೆ ಎಂದೋ ಸಿದ್ಧವಾಗಿವೆ. ಅವನ್ನು ಬಳಸುವ ಮನಸ್ಸು ಬೇಕು, ಅಷ್ಟೆ. ನಮ್ಮ ಸಂಘದ ಎಷ್ಟೋ ಮನೆಗಳ ಮಕ್ಕಳು ಇಂದು ಸಾಫ್ಟ್‌ವೇರ್ ಕೆಲಸದಲ್ಲಿದ್ದಾರೆ. ಅವರು ಬರೆಯುವ ಪರದೆಯನ್ನು ಒಮ್ಮೆ ಕನ್ನಡದ ಮಾತು ಹಾಕಿ, ಒಮ್ಮೆ ಅಕ್ಷರ ದೊಡ್ಡದು ಮಾಡಿ ನೋಡಿದರೆ ಸಾಕು. ಹತ್ತು ನಿಮಿಷದ ಕೆಲಸ. ಕನ್ನಡಕ್ಕೆ ಸರಿಹೋದ ಪರದೆ ಜರ್ಮನಿಗೂ ಸರಿಹೋಗುತ್ತದೆ, ಕಣ್ಣು ಮಂಜಾದ ಹಿರಿಯರಿಗೂ ಸರಿಹೋಗುತ್ತದೆ.

ನಮ್ಮ ಪ್ರೋಗ್ರಾಮನ್ನು ಕೊನೆಗೆ ತಿದ್ದಿದೆವು. ವಜಾ ಮಾಡಿದ್ದ ಗ್ರಿಡ್‌ಬ್ಯಾಗನ್ನು ಮರಳಿ ಕರೆದು, ಹನ್ನೊಂದು ಕಲಮುಗಳನ್ನೂ ತಾಳ್ಮೆಯಿಂದ ತುಂಬಿದೆವು. ಮೂರು ಭಾನುವಾರ ಹಿಡಿಯಿತು. ಅಳಿಸುವ ಮುನ್ನ ಒಮ್ಮೆ ಕೇಳುವ ಏರ್ಪಾಟನ್ನೂ ಸೇರಿಸಿದೆವು. ಅಳಿಸಿಹೋಗಿದ್ದ ಕುಟುಂಬದ ವಿವರವನ್ನು ಹಳೆಯ ರಿಜಿಸ್ಟರಿನಿಂದ ನಾವೇ ಮತ್ತೆ ಬರೆದು ಸೇರಿಸಿದೆವು. ಖಜಾಂಚಿಗಳು ಕನ್ನಡಕ ಏರಿಸಿ, ಅಕ್ಷರವನ್ನು ಇನ್ನೂ ಒಂದು ಸುತ್ತು ದೊಡ್ಡದು ಮಾಡಿ ಪರೀಕ್ಷಿಸಿದರು. ಎರಡು ಗುಂಡಿಗಳೂ ಹಿಗ್ಗಿ, ಪೂರ್ತಿ ಮಾತನ್ನು ತೋರಿಸಿದವು.

"ಈಗ ಉಳಿಸುವುದು ಯಾವುದು, ಅಳಿಸುವುದು ಯಾವುದು ಅಂತ ಕಾಣುತ್ತೆ ಕಣಪ್ಪಾ" ಎಂದರು.

ಆ ಮಾತೇ ನಮಗೆ ಬಂದ ಸಂಭಾವನೆ. ಹಾಸಿಗೆ ಇದ್ದಷ್ಟು ಕಾಲು ಚಾಚುವುದು ಬಾಳುವೆಯಲ್ಲಿ ಜಾಣತನವಿರಬಹುದು. ಪರನಾಡಿಗೆ ಬಂದ ನಾವು ಅದನ್ನು ಚೆನ್ನಾಗಿಯೇ ಕಲಿತಿದ್ದೇವೆ. ಆದರೆ ನಮ್ಮ ಅಕ್ಷರಗಳ ಕಾಲು ಕತ್ತರಿಸಿ ಹಾಸಿಗೆಗೆ ಹೊಂದಿಸುವ ಅಗತ್ಯ ಇನ್ನಿಲ್ಲ.